ಗಲ್ಲು, ಲೈಸೆನ್ಸು ಮತ್ತು ಪಿಸ್ತೂಲು ಬಂದ ದಾರಿ

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ಶಿಕ್ಷಕ. ಕಳೆದ ತಿಂಗಳು ನಮ್ಮೂರ ಬಸ್ ನಿಲ್ದಾಣದ ಎದುರು ಹಾಡಹಗಲೇ ಒಬ್ಬರನ್ನು ಪಿಸ್ತೂಲಿನಿಂದ ಗುಂಡು ಹಾರಿಸಿ ಕೊಂದರು. ಹೊಲದ ಬದುವಿನ ತಕರಾರು ಹತ್ತು ವರ್ಷದಿಂದ ಹೊಗೆಯಾಡುತ್ತಿತ್ತು. ಇಬ್ಬರು ಆರೋಪಿಗಳು ಸಿಕ್ಕಿದ್ದಾರೆ. ಊರವರು 'ಗಲ್ಲಿಗೇರಿಸಿ' ಎಂದು ಮೆರವಣಿಗೆ ಮಾಡಿ ತಹಶೀಲ್ದಾರರಿಗೆ ಮನವಿ ಕೊಟ್ಟರು. ನನ್ನ ತಮ್ಮ ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕುತ್ತೇನೆ ಎನ್ನುತ್ತಿದ್ದಾನೆ. ಹತ್ತನೆಯ ತರಗತಿಯ ಮಕ್ಕಳು ಇದೇ ವಿಷಯದ ಮೇಲೆ ಚರ್ಚಾಸ್ಪರ್ಧೆ ಇಡಿ ಎಂದು ಹಟ ಹಿಡಿದಿದ್ದಾರೆ. ಗಲ್ಲುಶಿಕ್ಷೆಯಿಂದ ಇಂಥ ಕೊಲೆಗಳು ನಿಲ್ಲುತ್ತವೆಯೇ? ಬಂದೂಕಿನ ಕಾನೂನು ಬಿಗಿಯಾದರೆ ನಿಲ್ಲುತ್ತವೆಯೇ? ಅಥವಾ ಪ್ರಾಮಾಣಿಕರ ಕೈಯಲ್ಲೂ ಬಂದೂಕು ಇರುವುದೇ ಲೇಸೇ? ಇನ್ನೊಂದು ಮಾತು: ಕೊಲೆಯನ್ನು ಹತ್ತಿರದಿಂದ ನೋಡಿದವನು ಚಹಾದಂಗಡಿಯ ಹತ್ತೊಂಬತ್ತರ ಹುಡುಗ. ಅವನನ್ನು ಮನೆಯವರು ಈಗ ಊರು ಬಿಡಿಸಿ ಕಳಿಸಿದ್ದಾರೆ.

ಉತ್ತರ: ಮಾಸ್ತರರೇ, ನಿಮ್ಮ ಮೂರು ಪ್ರಶ್ನೆಗಳಿಗಿಂತ ಪತ್ರದ ಕೊನೆಯ ಎರಡು ಸಾಲು ನನ್ನನ್ನು ಹೆಚ್ಚು ಕಾಡಿದವು. ಅಲ್ಲಿಗೆ ಕಡೆಗೆ ಬರುತ್ತೇನೆ. ವಿಜಯಪುರದ ಸೆಷನ್ಸ್ ನ್ಯಾಯಾಲಯದಲ್ಲಿ ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಕ್ರಿಮಿನಲ್ ವಕೀಲಿ ಮಾಡಿದ್ದೇನೆ. ಕೆಲವು ವರ್ಷ ಸರ್ಕಾರಿ ಅಭಿಯೋಜಕನಾಗಿ ಕೊಲೆ ಪ್ರಕರಣಗಳನ್ನು ನಡೆಸಿದೆ, ಉಳಿದ ವರ್ಷಗಳಲ್ಲಿ ಆರೋಪಿಗಳ ಪರವಾಗಿಯೂ ನಿಂತೆ. ಎರಡೂ ಕಡೆ ನಿಂತು ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೆರವಣಿಗೆಯ ಘೋಷಣೆ ಗಲ್ಲಿನದಾದ್ದರಿಂದ ಅದನ್ನೇ ಮೊದಲು ನೋಡೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಎನ್ನುತ್ತದೆ. ಹಳೆಯ ದಂಡ ಸಂಹಿತೆಯ 302ರಲ್ಲೂ ಇದೇ ಇತ್ತು. ಇದನ್ನು ಓದಿದವರಿಗೆ ನ್ಯಾಯಾಧೀಶರು ಮನಸ್ಸು ಮಾಡಿದರೆ ಗಲ್ಲು ವಿಧಿಸಬಹುದು ಎಂದು ತೋರುವುದು ಸಹಜ. ಆದರೆ 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಾಗಿನಿಂದ ಕೊಲೆಗೆ ಜೀವಾವಧಿಯೇ ಸಾಮಾನ್ಯ ಶಿಕ್ಷೆ. ಗಲ್ಲು ಕೊಡಬೇಕಾದರೆ ನ್ಯಾಯಾಧೀಶರು ವಿಶೇಷ ಕಾರಣಗಳನ್ನು ಬರೆದು ತೋರಿಸಬೇಕು. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ನಾಲ್ವರ ಬಹುಮತದಿಂದ, ಮರಣದಂಡನೆಯನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತಾದರೂ, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಅದು ಸಲ್ಲಬೇಕು, ಅಪರಾಧ ಎಷ್ಟು ಘೋರ ಎಂಬುದರ ಜೊತೆಗೆ ಅಪರಾಧಿ ಯಾರು, ಅವನು ತಿದ್ದಿಕೊಳ್ಳುವ ಸಾಧ್ಯತೆ ಇದೆಯೇ ಎಂಬುದನ್ನೂ ತೂಗಿ ನೋಡಬೇಕು ಎಂದಿತು. ಬದುವಿನ ತಕರಾರಿನಲ್ಲಿ ಒಬ್ಬರನ್ನು ಗುಂಡಿಟ್ಟು ಕೊಂದದ್ದು ಎಷ್ಟೇ ಹೇಯವಾಗಿರಲಿ, ಈ ತೂಕದಲ್ಲಿ ಗಲ್ಲಿನವರೆಗೆ ಹೋಗುವುದು ಬಹುತೇಕ ಇಲ್ಲವೇ ಇಲ್ಲ. ಮನವಿ ಕೊಟ್ಟವರಿಗೆ ಈ ಮಾತನ್ನು ಯಾರಾದರೂ ಮೊದಲೇ ಹೇಳಬೇಕಿತ್ತು.

ಒಂದು ವೇಳೆ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತೆಂದೇ ಇಟ್ಟುಕೊಳ್ಳಿ. ಹೈಕೋರ್ಟು ದೃಢಪಡಿಸುವವರೆಗೆ ಅದು ಜಾರಿಗೆ ಬರುವಂತಿಲ್ಲ. ನಮ್ಮ ಜಿಲ್ಲೆಯಿಂದ ಕಡತ ಕಲಬುರಗಿ ಪೀಠಕ್ಕೆ ಹೋಗಬೇಕು. ಅಲ್ಲಿಂದ ಸುಪ್ರೀಂ ಕೋರ್ಟು, ಮರುಪರಿಶೀಲನಾ ಅರ್ಜಿ, ರಾಜ್ಯಪಾಲರಿಗೆ, ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿ. 2004ರ ಆಗಸ್ಟಿನಲ್ಲಿ ಕೋಲ್ಕತ್ತದಲ್ಲಿ ಒಬ್ಬ, 2012ರಲ್ಲಿ ಮುಂಬೈ ದಾಳಿಯ ಕಸಬ್, 2013ರಲ್ಲಿ ಸಂಸತ್ ದಾಳಿಯ ಅಫ್ಜಲ್ ಗುರು, 2015ರಲ್ಲಿ ಮುಂಬೈ ಸ್ಫೋಟದ ಯಾಕೂಬ್ ಮೆಮನ್, 2020ರ ಮಾರ್ಚ್ 20ರಂದು ದೆಹಲಿಯ ನಿರ್ಭಯಾ ಪ್ರಕರಣದ ನಾಲ್ವರು. ಈ ಹದಿನಾರು ವರ್ಷಗಳಲ್ಲಿ ದೇಶದಲ್ಲಿ ಗಲ್ಲಿಗೇರಿದವರು ಈ ಎಂಟು ಜನ. ಅದೇ ದೇಶದಲ್ಲಿ 2022ರ ಒಂದೇ ವರ್ಷ ದಾಖಲಾದ ಕೊಲೆ ಪ್ರಕರಣಗಳು 28,522.

ನಮ್ಮ ರಾಜ್ಯದಲ್ಲಿ ಗಲ್ಲಿಗೇರಿಸುವ ವ್ಯವಸ್ಥೆ ಇರುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಅಲ್ಲಿ ನಾಲ್ಕು ದಶಕಗಳಿಂದ ಯಾರನ್ನೂ ನೇಣಿಗೇರಿಸಿಲ್ಲ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದ ಪ್ರಕರಣದಲ್ಲಿ ವೀರಪ್ಪನ್ ಸಹಚರರು ನಾಲ್ವರು ಅದೇ ಜೈಲಿನಲ್ಲಿ ಮರಣದಂಡನೆಯ ಕೈದಿಗಳಾಗಿದ್ದರು. 2013ರ ಫೆಬ್ರುವರಿಯಲ್ಲಿ ಅವರ ಕ್ಷಮಾದಾನದ ಅರ್ಜಿ ತಿರಸ್ಕೃತವಾದಾಗ ಇನ್ನೇನು ಹಗ್ಗ ಬಿಗಿಯುತ್ತಾರೆ ಎಂದು ನಮ್ಮ ಬಾರ್ ರೂಮಿನಲ್ಲಿ ದಿನವೂ ಮಾತಾಗುತ್ತಿತ್ತು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಅರ್ಜಿಯನ್ನು ವರ್ಷಗಟ್ಟಲೆ ಇತ್ಯರ್ಥ ಮಾಡದೆ ಇಟ್ಟದ್ದೇ ಒಂದು ಕ್ರೌರ್ಯ ಎಂಬ ಮುಖ್ಯ ಕಾರಣಕ್ಕೆ, ಆ ನಾಲ್ವರೂ ಸೇರಿದಂತೆ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. 2022ರಲ್ಲಿ ಬೆಂಗಳೂರಿನ ಅತ್ಯಾಚಾರ ಮತ್ತು ಕೊಲೆ ಪ್ರಕರಣವೊಂದರ ಅಪರಾಧಿಯ ಗಲ್ಲೂ ರದ್ದಾಯಿತು. ಅವನನ್ನು ಹಿಂಡಲಗಾದಲ್ಲಿ ಹತ್ತು ವರ್ಷ ಕಾನೂನುಬಾಹಿರವಾಗಿ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಸಂತ್ರಸ್ತ ಕುಟುಂಬಗಳ ಕಡೆಯಿಂದ ಇದನ್ನು ಯೋಚಿಸಿ ನೋಡಿ. ಗಲ್ಲು ಎಂದು ತೀರ್ಪು ಕೇಳಿ ಮನೆಗೆ ಹೋದವರು ಹದಿನೈದು, ಇಪ್ಪತ್ತು ವರ್ಷ ಪ್ರತಿ ಅರ್ಜಿಗೂ, ಪ್ರತಿ ತಡೆಯಾಜ್ಞೆಗೂ ಮತ್ತೆ ಮತ್ತೆ ಆ ಸಾವನ್ನು ಸಾಯಬೇಕು. ಜೀವಾವಧಿ ಆಗಿದ್ದರೆ ಅವರ ಪಾಲಿನ ನ್ಯಾಯಾಲಯದ ಅಲೆದಾಟ ಎಂದೋ ಮುಗಿದಿರುತ್ತಿತ್ತು.

ಇನ್ನು ಗಲ್ಲಿನ ಭಯದಿಂದ ಕೊಲೆ ನಿಲ್ಲುತ್ತದೆಯೇ ಎಂಬ ನಿಮ್ಮ ಪ್ರಶ್ನೆ. ಅಮೆರಿಕದಲ್ಲಿ ಇದರ ಮೇಲೆ ದಶಕಗಟ್ಟಲೆ ಅಧ್ಯಯನಗಳಾದವು; ಒಬ್ಬನನ್ನು ಗಲ್ಲಿಗೇರಿಸಿದರೆ ಇಷ್ಟು ಜೀವ ಉಳಿಯುತ್ತವೆ ಎಂದು ಲೆಕ್ಕ ಹಾಕಿದವರೂ ಇದ್ದರು. 2012ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಅವನ್ನೆಲ್ಲ ಪರಿಶೀಲಿಸಿ, ಮರಣದಂಡನೆಯಿಂದ ಕೊಲೆಗಳು ಕಡಿಮೆಯಾಗುತ್ತವೆ, ಹೆಚ್ಚುತ್ತವೆ ಅಥವಾ ಏನೂ ಆಗುವುದಿಲ್ಲ ಎಂಬ ಯಾವ ತೀರ್ಮಾನಕ್ಕೂ ಈ ಅಧ್ಯಯನಗಳು ಆಧಾರವಾಗಲಾರವು ಎಂದಿತು. ನಮ್ಮ ಕಾನೂನು ಆಯೋಗ 1967ರ ತನ್ನ 35ನೇ ವರದಿಯಲ್ಲಿ ಗಲ್ಲು ಇರಲಿ ಎಂದಿತ್ತು. ಅದೇ ಆಯೋಗ 2015ರ 262ನೇ ವರದಿಯಲ್ಲಿ ಭಯೋತ್ಪಾದನೆ ಮತ್ತು ದೇಶದ ವಿರುದ್ಧದ ಯುದ್ಧದ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಅದು ಹೋಗಲಿ ಎಂದು ಶಿಫಾರಸು ಮಾಡಿತು. ವರದಿಗಳು ಹಾಗಿರಲಿ, ನಾನು ಕಂಡ ಕೊಲೆಗಾರರ ಮಾತನ್ನು ಹೇಳುತ್ತೇನೆ. ಸಿಟ್ಟಿನ ಭರದಲ್ಲಿ ಕೊಡಲಿ ಎತ್ತಿದವನಿಗೆ ಆ ಕ್ಷಣದಲ್ಲಿ ಯಾವ ಕಲಮೂ ನೆನಪಿಗೆ ಬರುವುದಿಲ್ಲ. ಹಗೆ ಸಾಧಿಸಿ, ಹೊಂಚು ಹಾಕಿ, ಪಿಸ್ತೂಲು ತರಿಸಿಕೊಂಡು ಕೊಂದವನು ಬೇರೆ ಲೆಕ್ಕ ಹಾಕಿರುತ್ತಾನೆ: ನೋಡಿದವರು ಬಾಯಿ ಬಿಡುವುದಿಲ್ಲ, ಬಿಟ್ಟರೂ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅವನ ಲೆಕ್ಕ ಎಷ್ಟೋ ಸಲ ಸರಿಯಾಗುತ್ತದೆ ಎಂಬುದೇ ನಮ್ಮ ದುರಂತ. ಅಲ್ಲದೆ ಭೀಮಾ ತೀರದ ಹಳೆಯ ಹಗೆತನಗಳಲ್ಲಿ ಬಂದೂಕು ಹಿಡಿದವರು ಎದುರಾಳಿಯ ಗುಂಡಿಗೆ ತಾವೂ ಬಲಿಯಾಗಬಹುದೆಂದು ತಿಳಿದೇ ಹಿಡಿದವರು. ನಾಳೆಯೇ ಬರಬಹುದಾದ ಸಾವಿಗೆ ಹೆದರದವನು ಇಪ್ಪತ್ತು ವರ್ಷದ ಆಚೆಯ ಹಗ್ಗಕ್ಕೆ ಹೆದರುತ್ತಾನೆಂದು ನನಗೆ ಅನ್ನಿಸುವುದಿಲ್ಲ.

ಅಭಿಯೋಜಕನಾಗಿದ್ದಾಗ ಒಂದು ಪ್ರಕರಣದಲ್ಲಿ ನಾನೇ ಗಲ್ಲು ಕೇಳಿ ವಾದಿಸಿದ್ದೆ. ಸತ್ತವರಲ್ಲಿ ಒಂದು ಮಗುವೂ ಇತ್ತು, ಮರಣೋತ್ತರ ಪರೀಕ್ಷೆಯ ಫೋಟೋಗಳು ಇವತ್ತಿಗೂ ಕಣ್ಣಿಂದ ಹೋಗಿಲ್ಲ. ನ್ಯಾಯಾಲಯ ಜೀವಾವಧಿ ಕೊಟ್ಟಿತು. ಅಂದು ನನಗೆ ಅಸಮಾಧಾನವಾಯಿತು. 2019ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಅಂಕುಶ್ ಶಿಂದೆ ಪ್ರಕರಣದ ತೀರ್ಪನ್ನು ಓದಿದ ರಾತ್ರಿ ಆ ಅಸಮಾಧಾನ ಹೋಯಿತು. ಅಲೆಮಾರಿ ಸಮುದಾಯಗಳ ಆರು ಜನರಿಗೆ ಕೆಳ ನ್ಯಾಯಾಲಯ ಗಲ್ಲು ವಿಧಿಸಿತ್ತು, 2009ರಲ್ಲಿ ಸ್ವತಃ ಸುಪ್ರೀಂ ಕೋರ್ಟು ಆರೂ ಜನರಿಗೆ ಗಲ್ಲೇ ಆಗಬೇಕೆಂದಿತ್ತು. ಹತ್ತು ವರ್ಷದ ಮೇಲೆ ಅದೇ ನ್ಯಾಯಾಲಯ ಆರೂ ಜನರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಕಣ್ಣಾರೆ ಕಂಡ ಸಾಕ್ಷಿ ಮೊದಲು ಪೊಲೀಸರ ಫೋಟೋ ಆಲ್ಬಮ್‌ನಲ್ಲಿ ಗುರುತಿಸಿದ್ದು ಬೇರೆ ನಾಲ್ವರನ್ನು. ಆ ಜಾಡನ್ನು ಯಾರೂ ಹಿಡಿದು ಹೋಗಿರಲಿಲ್ಲ. ಹದಿನಾರು ವರ್ಷ ಜೈಲಿನಲ್ಲಿದ್ದವರಿಗೆ ತಲಾ ಐದು ಲಕ್ಷ ಪರಿಹಾರ ಕೊಡಿಸಿ ಕಳಿಸಿದರು. ಜೀವ ಇದ್ದುದರಿಂದ ಅಷ್ಟಾದರೂ ಆಯಿತು. ಅಂದಿನಿಂದ ಮರಣದಂಡನೆ ಇರಬಾರದೆಂಬ ನಿಲುವಿಗೆ ನಾನು ಬಂದಿದ್ದೇನೆ, ಅದನ್ನು ಮುಚ್ಚಿಟ್ಟು ನಿಮಗೆ ಉತ್ತರಿಸುವುದು ಸರಿಯಲ್ಲ. ಆದರೆ ಗಲ್ಲು ಬೇಕು ಎನ್ನುವವರ ಸಿಟ್ಟಿನಲ್ಲಿ ಹುರುಳಿಲ್ಲ ಎಂದು ನಾನು ಎಂದೂ ಹೇಳಲಾರೆ. 'ಹದ್ನಾಕ ವರ್ಷ ಕಳದ್ರ ಹೊರಗ ಬರ್ತಾನ್ರಿ' ಎಂಬ ಮಾತಿನ ಹಿಂದೆ ಆ ಸಿಟ್ಟಿದೆ. ಕಾನೂನಿನಲ್ಲಿ ಜೀವಾವಧಿ ಎಂದರೆ ಬದುಕಿರುವವರೆಗೆ ಎಂದೇ ಅರ್ಥ. ಹದಿನಾಲ್ಕು ವರ್ಷವೆಂಬುದು, ಇಂಥ ಕೈದಿಯ ಕ್ಷಮಾಪಣೆಯ ವಿಚಾರವನ್ನು ಸರ್ಕಾರ ಎತ್ತಿಕೊಳ್ಳುವುದಕ್ಕೂ ಮೊದಲು ಅವನು ಕಳೆಯಲೇಬೇಕಾದ ಕನಿಷ್ಠ ಅವಧಿ. ಇದಲ್ಲದೆ 2008ರಲ್ಲಿ ನಮ್ಮ ಕರ್ನಾಟಕದ್ದೇ ಆದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕ್ಷಮಾಪಣೆಯೇ ಇಲ್ಲದೆ ಕೊನೆಯುಸಿರಿನವರೆಗೆ ಜೈಲಿನಲ್ಲಿಡುವ ನಡುವಿನ ದಾರಿಯೊಂದನ್ನು ತೆರೆಯಿತು. ಹೈಕೋರ್ಟು, ಸುಪ್ರೀಂ ಕೋರ್ಟುಗಳು ಇಂದು ಆ ದಾರಿ ಹಿಡಿಯಬಹುದು. ಸಮಾಜದ ಸುರಕ್ಷೆಗೆ ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ.

ಬಂದೂಕಿನ ಕಾನೂನಿಗೆ ಬರೋಣ. ನಿಮ್ಮ ಮಕ್ಕಳು ಚರ್ಚೆಯಲ್ಲಿ ಹೊರದೇಶಗಳ ಉದಾಹರಣೆ ತಂದೇ ತರುತ್ತಾರೆ. 1996ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ ವ್ಯಕ್ತಿ 35 ಜನರನ್ನು ಗುಂಡಿಟ್ಟು ಕೊಂದ ಮೇಲೆ ಅಲ್ಲಿನ ಸರ್ಕಾರ ಕ್ಷಿಪ್ರವಾಗಿ ಗುಂಡು ಹಾರಿಸುವ ಬಂದೂಕುಗಳನ್ನು ನಿಷೇಧಿಸಿತು, ಹಣ ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಜನರಿಂದ ವಾಪಸು ಪಡೆದು ನಾಶ ಮಾಡಿತು. ಅದೇ ವರ್ಷ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಪುಟ್ಟ ಮಕ್ಕಳೂ ಅವರ ಶಿಕ್ಷಕಿಯೂ ಬಲಿಯಾದ ಮೇಲೆ ಬ್ರಿಟನ್ನು 1997ರಲ್ಲಿ ಖಾಸಗಿಯವರ ಕೈಯಲ್ಲಿ ಪಿಸ್ತೂಲು ಇರುವುದನ್ನೇ ಹೆಚ್ಚುಕಡಿಮೆ ಕೊನೆಗಾಣಿಸಿತು. ಈ ಎರಡೂ ದೇಶಗಳಲ್ಲಿ ಆಗ ಕೊಲೆಗೆ ಗಲ್ಲುಶಿಕ್ಷೆ ಇರಲಿಲ್ಲ, ಅದನ್ನು ಮರಳಿ ತರಲೂ ಇಲ್ಲ. ಅವರು ಕೈ ಹಾಕಿದ್ದು ಆಯುಧಕ್ಕೆ. ಅಮೆರಿಕದಲ್ಲಿ ಗಲ್ಲೂ ಇದೆ, ಬಂದೂಕುಗಳು ಜನಸಂಖ್ಯೆಗಿಂತ ಹೆಚ್ಚಿವೆ, ಪ್ರತಿ ಹತ್ಯಾಕಾಂಡದ ಬಳಿಕವೂ ಎರಡರ ಮೇಲೂ ಅದೇ ವಾದ ಮೊದಲಿಂದ ನಡೆಯುತ್ತದೆ. ಈ ಉದಾಹರಣೆಗಳು ಕಣ್ಣು ತೆರೆಸುವಂಥವು. ಆದರೆ ಇವನ್ನು ಹಾಗೆಯೇ ಎತ್ತಿ ಇಂಡಿ ತಾಲ್ಲೂಕಿಗೆ ತಂದರೆ ತಪ್ಪಾಗುತ್ತದೆ. ಅಲ್ಲಿ ಇಂಥ ಹತ್ಯಾಕಾಂಡ ನಡೆಸಿದವರು ಬಹಳಷ್ಟು ಸಲ ಅಂಗಡಿಯಲ್ಲಿ, ಕಾನೂನಿನ ಪ್ರಕಾರವೇ ಕೊಂಡ ಬಂದೂಕು ಬಳಸಿದವರು. ನಮ್ಮಲ್ಲಿ ಕೊಲೆಗೆ ಬಳಕೆಯಾಗುವ ಬಂದೂಕು ಬಹುಪಾಲು ಲೈಸೆನ್ಸಿನ ಗಾಳಿಯೂ ಸೋಕದ ಕಂಟ್ರಿ ಪಿಸ್ತೂಲು.

ಕಾನೂನು ಸಡಿಲವಾಗಿದೆ ಎಂಬ ದೂರಂತೂ ನಿಲ್ಲುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು, ಅಕ್ರಮವಾಗಿ ಬಂದೂಕು ತಯಾರಿಸುವವನಿಗೆ, ಮಾರುವವನಿಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ, ಅಕ್ರಮ ಸಾಗಾಟಕ್ಕೆ ಕನಿಷ್ಠ ಹತ್ತು ವರ್ಷದಿಂದ ಜೀವಾವಧಿಯವರೆಗೆ, ಲೈಸೆನ್ಸಿಲ್ಲದೆ ಇಟ್ಟುಕೊಂಡವನಿಗೆ ಎರಡರಿಂದ ಐದು ವರ್ಷದವರೆಗೆ ಶಿಕ್ಷೆ ಗೊತ್ತುಪಡಿಸಿದ್ದಾರೆ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ಒಡ್ಡಿದರೂ ಎರಡು ವರ್ಷದವರೆಗೆ ಜೈಲಿದೆ. ಗಲ್ಲು ಮತ್ತು ಬಂದೂಕು ಎರಡೂ ಒಂದೇ ಕಲಮಿನಲ್ಲಿ ಕೂಡಿದ್ದ ಕಾಲವೂ ಒಂದಿತ್ತು. ಇದೇ ಕಾಯ್ದೆಯ 27ನೇ ಕಲಮಿನ ಮೂರನೇ ಉಪಕಲಂ, ನಿಷೇಧಿತ ಆಯುಧ ಬಳಸಿ ಸಾವು ಸಂಭವಿಸಿದರೆ ಮರಣದಂಡನೆಯನ್ನೇ ಕೊಡಬೇಕು, ಬೇರೆ ಆಯ್ಕೆ ಇಲ್ಲ ಎನ್ನುತ್ತಿತ್ತು. ನ್ಯಾಯಾಧೀಶರ ವಿವೇಚನೆಯನ್ನೇ ಕಿತ್ತುಕೊಳ್ಳುವ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದು 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಆ ಉಪಕಲಂ ಪುಸ್ತಕದಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ವರ್ಷ ಭೀಮಾ ತೀರದಲ್ಲಿ ಪಿಸ್ತೂಲು ಕಡಿಮೆಯಾಗಲಿಲ್ಲ. ಅದಕ್ಕೆ ಇಲ್ಲಿನ ಎಲ್ಲ ವಕೀಲರೂ ಸಾಕ್ಷಿ.

ಹಾಗಾದರೆ ಲೋಪ ಎಲ್ಲಿದೆ? ನಾನು ಕಂಡ ಒಂದು ಪ್ರಕರಣವನ್ನು ಹೇಳುತ್ತೇನೆ, ಹೆಸರು, ಊರು ಬೇಡ. ಜಗಳದಲ್ಲಿ ಗುಂಡು ಹಾರಿ ಇಪ್ಪತ್ತೆಂಟು ವರ್ಷದ ಯುವಕ ಸತ್ತಿದ್ದ. ವಿಚಾರಣೆಯ ದಿನ ಮುದ್ದೆಮಾಲಿನ, ಅಂದರೆ ಜಪ್ತಿಯಾದ ವಸ್ತುವಿನ, ಗಂಟನ್ನು ಮೇಜಿನ ಮೇಲೆ ಇಟ್ಟರು. ಬಿಳಿ ಬಟ್ಟೆ, ಅದರ ಮೇಲೆ ಅರಗಿನ ಮೊಹರು, ಹೊಲಿಗೆಯ ಕೆಳಗೆ ಜಪ್ತಿಗೆ ಸಾಕ್ಷಿಗಳಾದ ಪಂಚರ ಸಹಿಯ ಚೀಟಿ. ಬಿಚ್ಚಿದರೆ ಗೇಣುದ್ದದ ಪಿಸ್ತೂಲು. ಹಿಡಿಯ ಮರ ಬಿರುಕು ಬಿಟ್ಟಿದ್ದಕ್ಕೆ ಕರೆಂಟಿನ ಕಪ್ಪು ಟೇಪು ಸುತ್ತಿದ್ದರು. ಜಪ್ತಿಯ ಪಂಚನೊಬ್ಬ, ಐವತ್ತು ದಾಟಿದ ರೈತ, ಕಟಕಟೆಯಲ್ಲಿ ನಿಂತು ಚೀಟಿಯನ್ನು ದಿಟ್ಟಿಸಿದ. 'ಸಹಿ ನಂದ ಐತ್ರಿ. ಆದ್ರ ಪಿಸ್ತೂಲ ನಾ ನೋಡಿಲ್ರಿ. ಸ್ಟೇಷನ್ನಿಗೆ ಕರದ್ರು, ಸಹಿ ಮಾಡಂದ್ರು, ಮಾಡೀನ್ರಿ' ಎಂದ. ಅವನು ಹೆದರಿ ತಿರುಗಿಬಿದ್ದನೋ, ಇಲ್ಲ ಪಂಚನಾಮೆಯನ್ನು ನಿಜವಾಗಿಯೂ ಠಾಣೆಯಲ್ಲೇ ಬರೆದಿದ್ದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಎರಡನೇ ಪಂಚನೂ ಅದನ್ನೇ ಹೇಳಿದ. ಮೇಲಾಗಿ ಶಸ್ತ್ರಾಸ್ತ್ರ ಕಾಯ್ದೆಯ 39ನೇ ಕಲಮಿನ ಪ್ರಕಾರ, ಲೈಸೆನ್ಸಿಲ್ಲದ ಬಂದೂಕಿನ ಆರೋಪಕ್ಕೆ ಜಿಲ್ಲಾ ದಂಡಾಧಿಕಾರಿಗಳ ಪೂರ್ವಾನುಮತಿ ಬೇಕು. ಆ ಅನುಮತಿ ಪತ್ರ ಕಡತದಲ್ಲೇ ಇರಲಿಲ್ಲ. ಆರೋಪಿ ಖುಲಾಸೆಯಾದ. ಸತ್ತ ಹುಡುಗನ ತಾಯಿ ನ್ಯಾಯಾಲಯದ ವರಾಂಡದ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು ಎಂದು ನಾನು ಹೇಳಹೊರಟರೆ, 'ಅಪ್ಪಾ, ಅವನ್ನ ನೇಣಿಗಿ ಹಾಕ್ರಿ ಅಂತ ನಾ ಕೇಳಿದ್ದಿಲ್ಲ. ನಮ್ಮ ಮನಿ ಮುಂದ ಎದಿ ಉಬ್ಬಿಸಿ ತಿರಗಾಡಬಾರ್ದು ಅಂತ ಕೇಳಿದ್ದೆ, ಅಷ್ಟ' ಎಂದರು.

ಆ ಕಡತವನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಪಿಸ್ತೂಲು ಎಲ್ಲಿಂದ ಬಂತು ಎಂಬುದಕ್ಕೆ ಅದರಲ್ಲಿದ್ದುದು ಆರೋಪಿಯ ಸ್ವಇಚ್ಛಾ ಹೇಳಿಕೆಯ ಒಂದೇ ಸಾಲು: 'ಸೊಲ್ಲಾಪುರದ ಕಡೆಯ ಅಪರಿಚಿತ ವ್ಯಕ್ತಿಯಿಂದ ಖರೀದಿಸಿದೆ.' ಪೊಲೀಸರ ಮುಂದೆ ಕೊಟ್ಟ ಆ ಹೇಳಿಕೆಗೆ ಸಾಕ್ಷ್ಯದ ಬೆಲೆ ಇಲ್ಲ, ಆದರೆ ತನಿಖೆಗೆ ಅದು ಬಾಗಿಲು. ಆ ಬಾಗಿಲನ್ನು ಯಾರೂ ತಟ್ಟಲಿಲ್ಲ. ಮಾರಿದವನು ಯಾರು, ತಂದವನು ಯಾರು, ತಯಾರಾದದ್ದೆಲ್ಲಿ ಎಂದು ಯಾರೂ ಕೇಳಲಿಲ್ಲ. ಬಿಹಾರದ ಮುಂಗೇರ್, ಮಧ್ಯಪ್ರದೇಶದ ಬಡವಾನಿ, ಖರಗೋನ್ ಕಡೆಯ ಕುಲುಮೆಗಳಲ್ಲಿ ಇಂಥ ಪಿಸ್ತೂಲುಗಳು ತಯಾರಾಗುತ್ತವೆ ಎಂಬುದು ಪೊಲೀಸರಿಗೆ ಹೊಸ ಸಂಗತಿಯಲ್ಲ. ನಮ್ಮೂರ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52 ಇಂದೋರ್, ಬಡವಾನಿ ಜಿಲ್ಲೆಯ ಸೇಂಧ್ವಾ, ಧುಳೆ, ಸೊಲ್ಲಾಪುರಗಳನ್ನು ದಾಟಿಯೇ ಝಳಕಿಗೆ ಬಂದು ವಿಜಯಪುರ ಸೇರುತ್ತದೆ. ಭೀಮೆಯ ಆಚೆ ದಂಡೆ ಮಹಾರಾಷ್ಟ್ರ, ಈಚೆ ದಂಡೆ ಕರ್ನಾಟಕ. ಒಂದು ರಾಜ್ಯದ ಠಾಣೆಯ ಹದ್ದು ಮುಗಿದಲ್ಲಿ ತನಿಖೆಯೂ ಮುಗಿದುಬಿಡುತ್ತದೆ. ಒಂದು ಆಯುಧದ ಜಾಡು ಹಿಡಿದರೆ ಏನೆಲ್ಲ ಹೊರಬರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ನಮ್ಮ ಸಿಂದಗಿ ತಾಲ್ಲೂಕಿನವರೇ ಆದ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗುಂಡಿಟ್ಟು ಕೊಂದರು. ಎರಡೂ ಸ್ಥಳಗಳಲ್ಲಿ ಸಿಕ್ಕ ಗುಂಡು, ಖಾಲಿ ಕಾಟ್ರಿಜ್‌ಗಳನ್ನು ಹೋಲಿಸಿ ನೋಡಿದ ವಿಧಿವಿಜ್ಞಾನ ಪ್ರಯೋಗಾಲಯ, ಎರಡಕ್ಕೂ ಬಳಕೆಯಾದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವರದಿ ಕೊಟ್ಟಿತು. ಬಂದೂಕಿನ ಸೂಜಿ ಕಾಟ್ರಿಜ್‌ನ ತಳಕ್ಕೆ ಬಡಿದಾಗ ಮೂಡುವ ಗುರುತು ಕೈಬೆರಳಿನ ಗುರುತಿನಷ್ಟೇ ಮಾತಾಡುತ್ತದೆ. ಎರಡು ವರ್ಷದ ಅಂತರದ, ಎರಡು ಊರಿನ ಕೊಲೆಗಳನ್ನು ಅದು ಒಂದೇ ದಾರದಲ್ಲಿ ಪೋಣಿಸಿತು. ಬದುವಿನ ತಕರಾರಿನಲ್ಲಿ ಸತ್ತ ರೈತನ ಪ್ರಕರಣಕ್ಕೆ ಅಷ್ಟು ಶ್ರಮ ಯಾಕೆ ಸಲ್ಲಬಾರದು?

ನಿಮ್ಮೂರವರು ಇನ್ನೊಂದು ಮನವಿ ಕೊಡಬೇಕೆಂದಿದ್ದರೆ ಈ ಸಲ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕೊಡಲಿ, ಅದರಲ್ಲಿ ಇಷ್ಟನ್ನು ಕೇಳಲಿ: ಪಿಸ್ತೂಲು ಮಾರಿದವನನ್ನೂ ಸಾಗಿಸಿದವನನ್ನೂ ಆರೋಪಿಗಳನ್ನಾಗಿ ಮಾಡಿದ್ದೀರಾ? ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುವಂತೆ ಜಪ್ತಿಯನ್ನು ವಿಡಿಯೋ ಮಾಡಿದ್ದೀರಾ? ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದ್ದರಿಂದ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದಿದ್ದರೇ? ಜಿಲ್ಲಾ ದಂಡಾಧಿಕಾರಿಗಳ ಅನುಮತಿಗೆ ಕಡತ ಕಳಿಸಿದ್ದೀರಾ? ವಿಡಿಯೋ ಒಂದಿದ್ದರೆ, ನಾನು ಹೇಳಿದ ಆ ಇಬ್ಬರು ಪಂಚರು ತಿರುಗಿಬಿದ್ದಿದ್ದರೂ ಪಿಸ್ತೂಲು ತಿರುಗಿಬೀಳುತ್ತಿರಲಿಲ್ಲ.

ತಮ್ಮನ ಲೈಸೆನ್ಸಿನ ವಿಷಯ. ಇಪ್ಪತ್ತೊಂದು ತುಂಬಿದ್ದರೆ ಅವರು ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಪೊಲೀಸರ ವರದಿ ಬರುತ್ತದೆ, ಬಂದೂಕನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಪಡೆದಿರಬೇಕು, ಜೀವಭಯಕ್ಕೆ ಆಧಾರ ತೋರಿಸಬೇಕು. ಸಿಕ್ಕರೆ ಐದು ವರ್ಷದ ಅವಧಿಗೆ. ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಸಹ ಕೇಂದ್ರ ಸರ್ಕಾರ 2029ರವರೆಗೆ ಅವಧಿ ಗೊತ್ತುಮಾಡಿ ಕೊಟ್ಟದ್ದು. ಅರ್ಜಿ ಹಾಕಬೇಡಿ ಎಂದು ನಾನು ಹೇಳುವಂತಿಲ್ಲ. ಆದರೆ ಅಣ್ಣನಾದ ನೀವು ಅವರ ಜೊತೆ ಒಂದು ಸಂಜೆ ಕೂತು ಕೇಳಿ. ಬಸ್ ನಿಲ್ದಾಣದಲ್ಲಿ ಸತ್ತವರ ಸೊಂಟದಲ್ಲಿ ಪಿಸ್ತೂಲು ಇದ್ದಿದ್ದರೆ, ಹಿಂದಿನಿಂದ ಬಂದ ಗುಂಡಿಗೆ ಅದು ಏನು ಮಾಡುತ್ತಿತ್ತು? ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಲ್ಲಿ ಕೊಲೆಗಳ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ತಕರಾರುಗಳು, 9,962 ಪ್ರಕರಣ. ದರೋಡೆಕೋರರಿಗಿಂತ ನೆರೆಯವರೂ ದಾಯಾದಿಗಳೂ ಹೆಚ್ಚು ಕೊಲ್ಲುತ್ತಾರೆಂದು ಅದರ ಅರ್ಥ. ದಿನಬೆಳಗಾದರೆ ಬದುವಿನ ಮೇಲೆ ಎದುರಾಗುವ ಎರಡು ಮನೆಗಳಲ್ಲಿ ಎರಡು ಪಿಸ್ತೂಲು ಬಂದರೆ, ಇವತ್ತು ಬೈಗುಳದಲ್ಲಿ ಮುಗಿಯುವ ಜಗಳ ಅಲ್ಲಿಗೇ ಮುಗಿಯುವುದಿಲ್ಲ. ತಮ್ಮನಿಗೆ ನಿಜವಾಗಿ ಬೆದರಿಕೆ ಇದ್ದರೆ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಲಿ. ಎದುರು ಪಾರ್ಟಿಯಿಂದ ಶಾಂತಿ ಕಾಯ್ದುಕೊಳ್ಳುವ ಮುಚ್ಚಳಿಕೆ ಬರೆಸಿಕೊಳ್ಳುವ, ಹಳಬರು 'ನೂರಾ ಏಳು' ಎನ್ನುವ ಕ್ರಮ ಈಗ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಲ್ಲಿದೆ. ಭೂಮಾಪಕರನ್ನು ಕರೆಸಿ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸುವ ಖರ್ಚು ಪಿಸ್ತೂಲಿನ ಖರ್ಚಿಗಿಂತ ಬಹಳ ಕಡಿಮೆ. ಹತ್ತು ವರ್ಷ ಹೊಗೆಯಾಡಿದ ನಿಮ್ಮೂರ ಆ ಬದುವಿಗೂ ಯಾರಾದರೂ ಅದನ್ನು ಮಾಡಿಸಿದ್ದರೆ ಎಂದು ನನಗೆ ಸಂಕಟವಾಗುತ್ತದೆ.

ಮಕ್ಕಳ ಚರ್ಚಾಸ್ಪರ್ಧೆ ಇಡಿ, ಖಂಡಿತ ಇಡಿ. ಸತ್ತವರ ಮನೆಯ ಮಕ್ಕಳಾಗಲಿ ಆರೋಪಿಗಳ ಮನೆಯ ಮಕ್ಕಳಾಗಲಿ ನಿಮ್ಮ ಶಾಲೆಯಲ್ಲಿದ್ದರೆ ಅವರನ್ನು ವೇದಿಕೆಗೆ ಹತ್ತಿಸಬೇಡಿ, ನಿಮ್ಮೂರ ಪ್ರಕರಣದ ಹೆಸರನ್ನೂ ಯಾರೂ ಎತ್ತದಂತೆ ನೋಡಿಕೊಳ್ಳಿ. ವಿಚಾರಣೆ ಇನ್ನೂ ಆಗಬೇಕಿದೆ, ಸಿಕ್ಕವರಿಬ್ಬರೂ ಕಾನೂನಿನ ಕಣ್ಣಲ್ಲಿ ಇನ್ನೂ ಆರೋಪಿಗಳಷ್ಟೆ. 'ಗಲ್ಲು ಬೇಕೋ ಬೇಡವೋ' ಎಂಬ ವಿಷಯದ ಬದಲು 'ಕೊಲೆಯನ್ನು ಕಂಡವನು ಸಾಕ್ಷಿ ಹೇಳಬೇಕಾದರೆ ಊರು ಏನು ಮಾಡಬೇಕು' ಎಂಬುದನ್ನು ಕೊಡಿ. ಅದಕ್ಕೆ ಪರ-ವಿರೋಧ ಸಿಗುವುದಿಲ್ಲ ಎಂದು ಅವರು ಅನ್ನಬಹುದು. ಸಿಗುತ್ತದೆ, 'ನಮಗ್ಯಾಕ ಬೇಕ್ರಿ ಊರ ಉಸಾಬರಿ' ಎಂಬ ವಾದ ಪ್ರತಿ ಮನೆಯಲ್ಲೂ ಇದೆ.

ಈಗ ಆ ಚಹಾದಂಗಡಿಯ ಹುಡುಗ. ನಿಮ್ಮ ಊರಿನ ಈ ಪ್ರಕರಣದಲ್ಲಿ ಶಿಕ್ಷೆ ಆಗುವುದೋ ಇಲ್ಲವೋ ಎಂಬುದು ಹೆಚ್ಚುಕಡಿಮೆ ಅವನ ಮೇಲೆ ನಿಂತಿದೆ. ಅವನ ಮನೆಯವರನ್ನು ದೂರಬೇಡಿ, ಅವರ ಜಾಗದಲ್ಲಿ ನಾನಿದ್ದರೂ ಮಗನನ್ನು ಊರು ಬಿಡಿಸುತ್ತಿದ್ದೆ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಅಂಗೀಕರಿಸಿ, ಅದನ್ನು ದೇಶದಾದ್ಯಂತ ಕಾನೂನಿನಂತೆ ಪಾಲಿಸಬೇಕೆಂದು ಆದೇಶಿಸಿದೆ. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಇರುತ್ತದೆ. ಜಿಲ್ಲೆಯ ಪೊಲೀಸ್ ಮುಖ್ಯಸ್ಥರೂ ಅಭಿಯೋಜನಾ ಇಲಾಖೆಯ ಮುಖ್ಯಸ್ಥರೂ ಅದರ ಸದಸ್ಯರು. ಸಾಕ್ಷಿಯೇ ಆಗಲಿ, ಅವನ ಮನೆಯವರಾಗಲಿ, ವಕೀಲರಾಗಲಿ, ತನಿಖಾಧಿಕಾರಿಯಾಗಲಿ ಅರ್ಜಿ ಕೊಡಬಹುದು. ಬೆದರಿಕೆ ಎಷ್ಟರಮಟ್ಟಿನದು ಎಂಬ ವರದಿಯನ್ನು ಉಪವಿಭಾಗದ ಡಿವೈಎಸ್ಪಿಯವರು ಐದು ಕೆಲಸದ ದಿನಗಳೊಳಗೆ ಕೊಡಬೇಕು. ಕೋರ್ಟಿಗೆ ಪೊಲೀಸ್ ಬೆಂಗಾವಲಲ್ಲಿ ಕರೆತರುವುದು, ಆರೋಪಿ ಎದುರಾಗದಂತೆ ಪರದೆ ಇಡುವುದು, ವಿಡಿಯೋ ಮೂಲಕ ಸಾಕ್ಷ್ಯ ಪಡೆಯುವುದು, ಕೆಲಕಾಲ ಬೇರೆ ಕಡೆ ಇರಿಸುವುದು, ಇಷ್ಟೂ ಆ ಯೋಜನೆಯಲ್ಲಿದೆ. ನನ್ನ ವೃತ್ತಿಯವರೇ ಎಷ್ಟೋ ಜನ ಇದನ್ನು ಬಳಸುವುದಿಲ್ಲ ಎಂಬುದು ನೋವಿನ ಸಂಗತಿ. ಅದಕ್ಕೂ ಮೊದಲು, ಹುಡುಗ ಒಪ್ಪಿದರೆ, ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮಿನಡಿ ಅವನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸುವಂತೆ ತನಿಖಾಧಿಕಾರಿಗೆ ಕೇಳಿ. ನ್ಯಾಯಾಲಯದ ಬಾಗಿಲು ಮುಚ್ಚಿ, ಪೊಲೀಸರು ಹೊರಗಿದ್ದು, ಹೇಳಿದ್ದನ್ನು ಓದಿ ತೋರಿಸಿ ಸಹಿ ಪಡೆಯುತ್ತಾರೆ. ನಾಳೆ ಯಾರೋ ಹೆದರಿಸಿದರೂ ಅಷ್ಟು ಸುಲಭವಾಗಿ ಅದನ್ನು ಅಳಿಸಿಹಾಕಲಾಗದು. ಸತ್ತವರ ಹೆಂಡತಿ ಮಕ್ಕಳಿಗೂ ಪರಿಹಾರಕ್ಕೆ ಅರ್ಜಿ ಹಾಕುವ ಅವಕಾಶವಿದೆ. ವಿಜಯಪುರದ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಎರಡೂ ಅರ್ಜಿಗಳನ್ನು ಬರೆದುಕೊಡಲು ನೆರವು ಕೇಳಬಹುದು. ಹುಡುಗನ ತಂದೆಯನ್ನು ಕರೆದುಕೊಂಡು ನೀವೇ ಹೋಗಿ. ಮಾಸ್ತರರು ಜೊತೆಗಿದ್ದಾರೆಂದರೆ ಅವರು ಬಂದಾರು.